ಜಗ್ಗಿ ನೋಡಿದ ಕೊಂಡಿ

ಬೆಳಗಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ನನ್ನ ಜೊತೆಗೇ ನೇಕಾರಿಕೆ ಕಲಿತ ಇಮಾಮಹುಸೇನ ಅಣ್ಣನವರು ಬಾಗಿಲಿಗೆ ಬಂದು, “ಬಸಲಿಂಗವ್ವ, ನೀಲಪ್ಪ ಮಾಸ್ತರು ಈ ತಿಂಗಳ ರಿಟೈರ್ ಆಗ್ತಾರ. ಅಭಿನಂದನ ಗ್ರಂಥಕ್ಕ ನೀನೂ ಬರಿ,” ಎಂದರು.

“ಕೈಯೆಲ್ಲಾ ಹಿಟ್ಟು ಅದ ನೋಡಣ್ಣಾ!”

“ತೊಳಕೊಂಡ್ ಬರಿಯವಾ. ಹೊಗಳಾಕ ಬ್ಯಾರೆ ಮಂದಿ ಅದಾರ. ನೀ ಕಲ್ತದ್ದು ಬರಿ.”

ಒಲೆಗೂ ಮಗ್ಗಕ್ಕೂ ನಡುವೆ ಸಿಕ್ಕ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಇಳಕಲ್ಲಿನ ನೇಕಾರಿಕೆ ತರಬೇತಿಯಲ್ಲಿ ಶ್ರೀ ನೀಲಪ್ಪನವರಷ್ಟು ಕೈಗಳನ್ನು ತಿದ್ದಿದವರು ಮತ್ತೊಬ್ಬರಿಲ್ಲ. ಗುಳೇದಗುಡ್ಡದಲ್ಲಿ ಕುಪ್ಪಸದ ಕಣ ನೇಯುತ್ತಿದ್ದ ಅವರು ೧೯೭೧ರಲ್ಲಿ ಇಲ್ಲಿನ ಕೇಂದ್ರಕ್ಕೆ ಬಂದರು. ಆರು ತಿಂಗಳ ಶಿಕ್ಷಣ. ನೂರೈವತ್ತು ದಿನದ ಹಾಜರಿ ಇದ್ದವರಿಗೆಲ್ಲ ಪ್ರಮಾಣಪತ್ರ. ಮಾಸ್ತರಿಗೆ ಅದು ಸರಿಬರಲಿಲ್ಲ. ಪ್ರತಿಯೊಬ್ಬರಿಗೂ ಒಂದು ರಟ್ಟಿನ ಚೀಟಿ ಮಾಡಿ, ಕಲಿಯಬೇಕಾದ ಕೆಲಸಗಳನ್ನು ಅದರಲ್ಲಿ ಬರೆದು, ಕೆಲಸ ಕೈಗೆ ಬಂದ ದಿನವೇ ಅದರ ಮುಂದೆ ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ಪೂರ್ತಿ ಹಾಜರಿಯಿದ್ದರೂ ಕೆಲಸ ಕೈಗೆ ಬಾರದ ಸ್ವಂತ ಅಕ್ಕನ ಮಗನ ಚೀಟಿಗೂ ಸಹಿ ಬೀಳಲಿಲ್ಲ. ಆ ಅಕ್ಕ ಒಂದು ವರ್ಷ ತಮ್ಮನ ಮನೆಯ ನೀರು ಕುಡಿಯಲಿಲ್ಲ.

ನಾನು ಸೇರಿದ್ದು ೧೯೭೮ರಲ್ಲಿ, ಮೂರು ತಿಂಗಳ ಕೂಸಿನೊಂದಿಗೆ. ಕೂಸಿಗೆ ಜ್ವರ ಬಂದಾಗಲೆಲ್ಲ ಹಾಜರಿ ತಪ್ಪಿ, ಕಡೆಗೆ ಎಂಬತ್ತೆಂಟು ದಿನಕ್ಕೆ ನಿಂತಿತು. ಪ್ರಮಾಣಪತ್ರವಿಲ್ಲದೆ ನೇಕಾರರ ಸಂಘದ ಮಗ್ಗ ಸಿಗದು. ಮಗ್ಗ ಸಿಗದಿದ್ದರೆ ಕೂಸನ್ನು ಗಣಿಯ ದೂಳಿನಲ್ಲಿ ಮಲಗಿಸಿ ನಾನು ಮತ್ತೆ ಕಲ್ಲು ಹೊರಬೇಕಿತ್ತು.

ನಮ್ಮ ಸೀರೆಯಲ್ಲಿ ಒಡಲಿನ ನೂಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಸೇರಿಸುತ್ತೇವೆ, ಅದೇ ಕೊಂಡಿ. ಅವಸರದಲ್ಲಿ ನಾನು ಗಂಟು ಬಿಗಿದಿದ್ದೆ. ಮಾಸ್ತರು ಕಣ್ಣು ಮುಚ್ಚಿ ಬೆರಳಾಡಿಸಿ, “ಇದು ಕೊಂಡಿ ಅಲ್ಲವಾ, ಗಂಟು. ಬಿಚ್ಚು,” ಎಂದರು. ನಾನು ಅತ್ತುಬಿಟ್ಟೆ. ಅವರು ಕೂಸನ್ನು ಎತ್ತಿಕೊಂಡು, “ನೀ ಅಳೂದು ಮುಗಿಸು, ಇಕಿನ್ನ ನಾ ಆಡಸ್ತೇನಿ,” ಎಂದು ಹೊರಗೆ ಹೋದರು. ಹೀಗೆ ಹನ್ನೊಂದು ದಿನ ಬಿಚ್ಚಿಸಿದರು. ಹನ್ನೊಂದು ದಿನವೂ ಕೂಸನ್ನು ಆಡಿಸಿದರು. ಹನ್ನೆರಡನೆಯ ದಿನ ತಾರೀಖು ಹಾಕಿದರು.

ಬಾಗಲಕೋಟೆಯಿಂದ ಪರೀಕ್ಷೆಗೆ ಬಂದ ಸಾಹೇಬರು ಹಾಜರಿ ಪುಸ್ತಕ ತೆರೆದು, “ಎಂಬತ್ತೆಂಟು ದಿನಕ್ಕ ಹೆಂಗ ಪಾಸ್ ಮಾಡೂದ್ರಿ ಮಾಸ್ತರ?” ಎಂದರು.

“ಸೀರಿ ಉಡೂ ಹೆಣ್ಮಗಳು ಹಾಜರಿ ಕೇಳೂದಿಲ್ರಿ ಸಾಹೇಬ್ರ. ಕೊಂಡಿ ಜಗ್ಗಿ ನೋಡ್ರಿ.”

ಸಾಹೇಬರು ಮೆಲ್ಲಗೆ ಜಗ್ಗಿದರು.

“ನಾಚಬ್ಯಾಡ್ರಿ, ಜೋರ್ಲೆ ಜಗ್ಗ್ರಿ!”

ಎರಡೂ ಕೈಯಿಂದ ಜಗ್ಗಿದರು. ಒಂದೆಳೆಯೂ ಜಾರಲಿಲ್ಲ. ಸಾಹೇಬರು ಪುಸ್ತಕ ಮುಚ್ಚಿ ಮಾಸ್ತರ ಚೀಟಿಯನ್ನೇ ಎದುರಿಗಿಟ್ಟುಕೊಂಡು ಪ್ರಮಾಣಪತ್ರ ಬರೆದರು. ಅದರಿಂದ ಸಿಕ್ಕ ಸಂಘದ ಮಗ್ಗದ ಮೇಲೆಯೇ ಹತ್ತು ವರ್ಷದಿಂದ ನನ್ನ ಮನೆ ನಡೆದಿದೆ. ಆಮೇಲೆ ಕಲಿತವರೆಲ್ಲ ಮಾಸ್ತರ ಚೀಟಿಯಿಂದಲೇ ಪಾಸಾದರು.

ಪೂಜ್ಯ ಮಾಸ್ತರ ಕಣ್ಣಿಗೆ ಸಣ್ಣ ಎಳೆ ಇನ್ನೂ ಬಹುಕಾಲ ಕಾಣುತ್ತಿರಲಿ. ನಿವೃತ್ತಿಯ ಮರುದಿನವೂ ಅವರು ಕೇಂದ್ರಕ್ಕೆ ಬಂದು ಹೊಸಬರ ಗಂಟು ಬಿಚ್ಚಿಸಲಿ.

ಇಲ್ಲಿಯವರೆಗಿನದನ್ನು ಮೊನ್ನೆ ಅವರ ಮನೆಗೆ ಒಯ್ದು ಓದಿ ಹೇಳಿದೆ. ಅಂದಿನ ಕೂಸು, ನನ್ನ ಮಗಳು ಗುರುಲಿಂಗವ್ವ, ಓದುವಷ್ಟು ಹೊತ್ತೂ ಏನೋ ಕೇಳಲೆಂದು ನನ್ನ ಸೆರಗು ಎಳೆಯುತ್ತಿದ್ದಳು. ಎರಡು ಸಲ ಸುಮ್ಮನಿರಿಸಿದೆ. ಓದು ಮುಗಿದದ್ದೇ ತಡ, ಮಾಸ್ತರ ಮುಂದೆ ಹೋಗಿ ನಿಂತು ಗಟ್ಟಿಯಾಗಿ ಕೇಳಿಯೇಬಿಟ್ಟಳು:

“ಅಜ್ಜಾರ, ನಿಮ್ಮ ಚೀಟಿಗೆ ಯಾರು ಸಹಿ ಮಾಡಿದ್ರು?”