ಓರೆ ಅಕ್ಷರದ ತಿಥಿ ಕಾರ್ಡು

ಬೆಳಿಗ್ಗೆ ಮೊಬೈಲಿಗೆ ಬಂದ ಲಗ್ನಪತ್ರಿಕೆಯ ಅಕ್ಷರಗಳು ಎಷ್ಟು ವಾಲಿದ್ದವೆಂದರೆ, ಓದಲು ನಾನೂ ಕತ್ತು ವಾಲಿಸಬೇಕಾಯಿತು. ಕತ್ತುನೋವಿನವರು ಮದುವೆಗೆ ಬರುವುದು ಬೇಡವೆಂಬ ಉದ್ದೇಶವಿದ್ದರೆ ಅದು ಬೇರೆ ಮಾತು.

ಆ ಓರೆ ಅಕ್ಷರವನ್ನು ನೀವೂ ಕಂಡಿದ್ದೀರಿ. ಚಪ್ಪಟೆ ನಿಬ್ಬಿನಲ್ಲಿ ಬರೆದಂತೆ ಇಳಿಯುವಾಗ ದಪ್ಪ, ಏರುವಾಗ ಸಣ್ಣ. ತಲೆಕಟ್ಟು ಬಲಕ್ಕೆ ಓಡುತ್ತಿರುತ್ತದೆ, ಒತ್ತಕ್ಷರ ಹಿಂದಿನಿಂದ ಸೆರಗೆಳೆದುಕೊಂಡು ಬರುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ಕನಕಪುರದ ಪ್ರೆಸ್ಸಿನವರು ಸೀಸದ ಅಚ್ಚುಮೊಳೆಗಳನ್ನು ತೂಕಕ್ಕೆ ಹಾಕಿ ಕಂಪ್ಯೂಟರ್ ತಂದಾಗ ಅದೂ ಬಂತು. ಗ್ರಾನೈಟ್ ಲಾರಿಗಳು ಎಬ್ಬಿಸುವ ಧೂಳಿನಲ್ಲಿ ಊರಿಗೆ ಇದ್ದ ನಾಜೂಕು ಅದೊಂದೇ. ಮದುವೆ, ನಾಮಕರಣ, ಬ್ಯೂಟಿ ಪಾರ್ಲರಿಗೆ ಓರೆ ಅಕ್ಷರ. ತಿಥಿ, ಕಾಣೆಯಾದವರು, ಕರೆಂಟು ಕಡಿತಕ್ಕೆ ನೆಟ್ಟನೆಯದು. ಯಾರೂ ಮಂಡಿಸದ ಈ ಕಾನೂನನ್ನು ಯಾರೂ ಮುರಿದಿರಲಿಲ್ಲ.

ಮುರಿದವನು ಪುಟ್ಟಮಾದ, ನಮ್ಮೂರ ರೇಷ್ಮೆ ಬೆಳೆಗಾರ. ಆಗ ನಾನು ಸ್ಕೂಲಿನಲ್ಲಿ ಪಾಠ ಮಾಡಿ ಮುಗಿಸಿ ಗೆಳೆಯ ಶ್ರೀಕಂಠನ ಪ್ರೆಸ್ಸಿನಲ್ಲಿ ಕೂತು, ಕಾರ್ಡುಗಳ ಒಕ್ಕಣೆ ತಿದ್ದುವ ಘನಕಾರ್ಯದಲ್ಲಿ ತೊಡಗಿರುತ್ತಿದ್ದೆ. ತಾಯಿ ಹೊನ್ನಮ್ಮನ ತಿಥಿ ಕಾರ್ಡು ಮಾಡಿಸಲು ಬಂದ ಪುಟ್ಟಮಾದ, ಗೋಡೆಯ ಮೇಲಿದ್ದ ಮದುವೆ ಕಾರ್ಡು ತೋರಿಸಿ, "ಈ ಅಕ್ಸರದಾಗೇ ಹೊಡ್ದುಕೊಡು" ಎಂದ.

"ಏನ್ಲಾ, ತಿಥಿಗೆ ಓಲಗಾನೂ ಊದುಸ್ತೀಯಾ?" ಎಂದ ಶ್ರೀಕಂಠ.

"ನೆಟ್ಗಿರೋ ಕಾರ್ಡ್ನ ಜನ ಓದಿ ಅರ್ದು ಬಿಸಾಕ್ಬುಡ್ತಾರೆ ಕಣ್ಲಾ. ಒಸಿಲು ದಾಟ್ಸಕಿಲ್ಲ. ನಮ್ಮವ್ವನ ಎಸ್ರು ಅಚ್ಚಾಯ್ತಿರೋದು ಇದೇ ಮೊದ್ಲು. ಒಂದ್ ಮನೇಲಾದ್ರೂ ಉಳೀಲಿ."

ನಾನು ಗಂಟಲು ಸರಿಮಾಡಿಕೊಂಡು ಹಿರಿಯರ ಪದ್ಧತಿ, ಜನರ ಮಾತು ಇತ್ಯಾದಿಗಳ ಕುರಿತು ಉಪನ್ಯಾಸಕ್ಕೆ ಶುರುವಿಟ್ಟೆ. ಅವನು ತಾಳ್ಮೆಯಿಂದ ಕೇಳಿ, "ನಿಮ್ಮನೇಲೂ ಅರೀತೀರಾ ಮೇಷ್ಟ್ರೇ?" ಎಂದ. ಹರಿಯುತ್ತಿದ್ದೆವು. ಉಪನ್ಯಾಸ ಅಲ್ಲಿಗೆ ಮುಗಿಯಿತು.

ಕಾರ್ಡು ಓರೆಯಾಗಿಯೇ ಬಂತು. ತಿಥಿಯ ದಿನ ಮಾಗಡಿ ಕಡೆಯಿಂದ ಹೊನ್ನಮ್ಮನ ದೂರದ ತಮ್ಮನೊಬ್ಬ ಜರಿಪೇಟ ಸುತ್ತಿ, ಬಣ್ಣದ ಕಾಗದ ಸುತ್ತಿದ ಸ್ಟೀಲ್ ಕೊಳಗ ಹೊತ್ತು ಬಂದಿಳಿದ. ಮನೆಯಲ್ಲಿ ಯಾರೂ ಇಲ್ಲದಾಗ ಅವನ ಬಾಗಿಲಿಗೆ ಕಾರ್ಡು ಸಿಕ್ಕಿಸಿ ಹೋಗಿದ್ದರು. ಮುದುಕನಿಗೆ ಅಂಕಿ ಬಿಟ್ಟರೆ ಓದು ಬಾರದು. ಅಕ್ಕನ ಮನೆಯವರು ಬಂದಿದ್ದರೆಂದು ನೆರೆಯವರಿಂದ ಕೇಳಿ, ತಾರೀಖನ್ನೂ ಅಕ್ಷರ ವಾಲಿರುವುದನ್ನೂ ನೋಡಿ ಹೊರಟುಬಂದಿದ್ದ.

ತಲೆ ಬೋಳಿಸಿಕೊಂಡಿದ್ದ ಪುಟ್ಟಮಾದನನ್ನು ಕಂಡು, "ಮದ್ವೆ ಯಾರ್ದುಲಾ?" ಎಂದ.

"ಅವ್ವುನ್ ತಿಥಿ ಕಣ್ ಮಾವ."

ಚಪ್ಪರದಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಮಾದ ತಲೆ ತಗ್ಗಿಸಿದ. ಮುದುಕ ಪೇಟ ಬಿಚ್ಚಿ ಕಂಕುಳಿಗೆ ಇಟ್ಟುಕೊಂಡ. ಕೊಳಗವನ್ನು ಫೋಟೋದ ಮುಂದೆ ಇಳಿಸಿ, "ಅಕ್ಕನ ಮದ್ವೆಗೂ ಧಾರೆ ಮುಗುದ್ಮ್ಯಾಲೇ ಬಂದಿದ್ದೆ ಕಣ್ಲಾ" ಎಂದವನೇ, ಎಲೆ ಹಾಕಿದ್ದ ಸಾಲಿನಲ್ಲಿ ಹೋಗಿ ಕೂತ. ಆಮೇಲೆ ಯಾರೂ ನಗಲಿಲ್ಲ. ಪುಟ್ಟಮಾದ ಮಾತ್ರ ಸಂಜೆಯವರೆಗೂ, "ತೆಪ್ ಮಾಡ್ಬುಟ್ಟೆ ಮೇಷ್ಟ್ರೇ, ಅವ್ವುನ್ ನಗ್ಪಾಟ್ಲು ಮಾಡ್ಬುಟ್ಟೆ" ಎನ್ನುತ್ತಿದ್ದ.

ಮೊಬೈಲು ಬದಿಗಿಟ್ಟು ಒಳಗೆ ಹೋದೆ. ನಮ್ಮ ಮನೆಯಲ್ಲಿ ಮದುವೆ ಕಾರ್ಡುಗಳನ್ನು ಚುಚ್ಚಿಡುವ ತಂತಿಯೊಂದಿದೆ. ಅರ್ಧ ಗಂಟೆ ತಡಕಿದ ಮೇಲೆ ಆ ತಿಥಿ ಕಾರ್ಡು ಅದರಲ್ಲೇ ಸಿಕ್ಕಿತು: ಮೇಲೆ, ಕೆಳಗೆ ಯಾರ್ಯಾರದೋ ವಧೂವರರು, ನಡುವೆ ಹೊನ್ನಮ್ಮ, ಅಂಚು ಹಳದಿಯಾಗಿ, ಬಲಕ್ಕೆ ವಾಲಿಕೊಂಡು. ಸಾವಿನ ಕಾಗದ ಒಳಗೆ ಬಿಡದ ನನ್ನ ಹೆಂಡತಿಯೇ ಅಕ್ಷರ ನೋಡಿ ಚುಚ್ಚಿಟ್ಟಿರಬೇಕು.

"ಯಾರ ಮದುವೇದೂರೀ ಅದು?" ಎಂದು ಅಡುಗೆಮನೆಯಿಂದ ಕೇಳಿದಳು.

"ಪುಟ್ಟಮಾದನ ಮನೇದು ಕಣೇ" ಎಂದು, ಇದ್ದ ಜಾಗಕ್ಕೇ ಚುಚ್ಚಿದೆ.