ಸಾಲಾವಳಿ ಕೂಡಿದ ಜೋಡಿ

"ಏನಯ್ಯಾ, ಆ ಹೆಣ್ಮಗಳ ಭುಜ ಏನು ನಿಮ್ಮನೆ ದಿಂಬಾ? ಎದ್ದು ಈ ಕಡೆ ಬಾ!"

ಕೋಲಾರದ ಚಿತ್ರಮಂದಿರದಲ್ಲಿ ಅಪರಿಚಿತ ಅಜ್ಜಿಯೊಬ್ಬರು ಹೀಗೆ ಗದರಿದ್ದು ನನ್ನ ಗಂಡನನ್ನು. ಪರದೆಯ ಮೇಲೆ ಹಾವು ಹಿಡಿಯುವ ನಾಯಕನಿಗೂ ಹಲ್ಲಿ ಕಂಡರೆ ಕಿರುಚುವ ನಾಯಕಿಗೂ ಪ್ರೇಮ ಕುದುರುತ್ತಿತ್ತು. ನಮ್ಮದೋ, ಪುರೋಹಿತರೇ ಬೆರಗಾಗುವಷ್ಟು ಸಾಲಾವಳಿ ಕೂಡಿಬಂದ ಜೋಡಿ. ವೇಮಗಲ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಮ್ಮ ಯಜಮಾನರು, ಸಿನಿಮಾದ ಹೆಸರು ತೋರಿಸುವಾಗಲೇ ನನ್ನ ಭುಜಕ್ಕೊರಗಿ ಗೊರಕೆ ಶುರುಮಾಡಿದ್ದರು.

ಸೂಪರ್‌ವೈಸರ್ ಕೂಗಿದನೆಂದುಕೊಂಡರೋ ಏನೋ, ತೆಪ್ಪಗೆ ಎದ್ದು, ತಮ್ಮ ಆಚೆ ಪಕ್ಕದಲ್ಲಿದ್ದ ಅಜ್ಜಿಯ ಸೀಟಿಗೆ ಹೋಗಿ ಅಲ್ಲೂ ಗೊರಕೆ ಮುಂದುವರಿಸಿದರು. ನಮ್ಮಿಬ್ಬರ ನಡುವೆ ಬಂದು ಕೂತ ಅಜ್ಜಿ, "ಗಂಡನ ಜೊತೆ ಬರ್ಬೇಕಮ್ಮಾ, ಒಬ್ಳೇ ಬಂದ್ರೆ ಇಂಥವ್ರೇ ಗಂಟು ಬೀಳೋದು" ಎಂದರು. ಸಾಲಿನವರೆಲ್ಲ ನೋಡುತ್ತಿದ್ದರು, ಇವರೇ ಗಂಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಿನಿಮಾ ಮುಗಿದು ದೀಪ ಹತ್ತಿದಾಗ ಇವರು ಕಣ್ಣುಜ್ಜಿಕೊಂಡು, "ಬಾರೇ, ಹೋಗೋಣ" ಎಂದರು. ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದು, "ಹೋಗ್ಬೇಡ ತಾಯೀ!" ಎಂದರು.

ಪುರೋಹಿತರಿಗೆ ಪಂಚಾಂಗ ಹಿಡಿದೂ ಕಾಣದ್ದು ಅಜ್ಜಿಗೆ ಕತ್ತಲಲ್ಲೇ ಕಂಡಿತ್ತು. ಆದರೂ ಉಳಿದ ಸಿನಿಮಾ ಪೂರ್ತಿ ನನ್ನ ಭುಜ ಯಾಕೋ ಖಾಲಿ ಖಾಲಿ ಅನ್ನಿಸಿತು. ಅದನ್ನು ಇವರಿಗೆ ಇನ್ನೂ ಹೇಳಿಲ್ಲ. ಹೇಳೋಣವೆಂದರೆ, ಎಚ್ಚರವಾಗಿರಬೇಕಲ್ಲ!