ಹೆಸರು ಕೇಳದ ಪುಟ

ಅಕ್ಕನ ಅರ್ಜಿಯನ್ನು ಅವಳ ಊರಿನ ನೀರಿನ ಸಂಘದ ಅಧ್ಯಕ್ಷ ತುಂಬಿದ ಸಭೆಯಲ್ಲಿ ಹೆಣ್ಣುದನಿ ಮಾಡಿ ಓದಿದನಂತೆ. ಕುಳಿತವರೆಲ್ಲ ನಕ್ಕರಂತೆ. ಈ ಸುದ್ದಿ ನನ್ನ ಕಿವಿಗೆ ಬಿದ್ದಾಗ ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಯಾರದೋ ಪಹಣಿ ಪ್ರಿಂಟು ತೆಗೆಯುತ್ತಿದ್ದೆ. ಮೈಯೆಲ್ಲ ಉರಿಯಿತು. ಇವನ ಸೊಕ್ಕು ಇಳಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಅಕ್ಕನನ್ನು ಕೊಟ್ಟದ್ದು ಹಿರೇಕೆರೂರು ತಾಲೂಕಿನ ಒಂದು ಊರಿಗೆ. ಊರ ಹೆಸರು ಬರೆಯುವುದಿಲ್ಲ. ಅಲ್ಲಿ ಕೆರೆಯ ನೀರು ಕಾಲುವೆಯಲ್ಲಿ ಪಾಳಿಯ ಮೇಲೆ ಗದ್ದೆಗೆ ಬರುತ್ತದೆ. ಪಾಳಿ ಹಂಚುವ ಸಂಘಕ್ಕೆ ಅಧ್ಯಕ್ಷನಾದವನು ಊರಿನ ಗೊಬ್ಬರದ ಅಂಗಡಿಯ ಮಾಲೀಕನೂ ಹೌದು. ಬೇರೆಯವರ ಪಾಳಿ ಮುರಿದು ತನ್ನ ಕಬ್ಬಿಗೆ ನೀರು ತಿರುವಿಕೊಳ್ಳುತ್ತಿದ್ದ. ಊರಿಗೆಲ್ಲ ಗೊತ್ತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದವಳು ಅಕ್ಕ ಒಬ್ಬಳೇ. ಮೊಬೈಲಿನಲ್ಲಿ ನೀರಾವರಿ ಇಲಾಖೆಗೆ ದೂರು ಬರೆದು ಕಳಿಸಿದಳು. ಕಳಿಸಿದ್ದು ಮಾತ್ರ ಅವನದೇ ಅಂಗಡಿಯಲ್ಲಿ, ಯೂರಿಯಾಕ್ಕೆ ಕಾಯುತ್ತ ಕೂತಾಗ, ಅಲ್ಲಿ ಪುಕ್ಕಟೆ ಸಿಗುವ ವೈಫೈ ಹಿಡಿದು. ಇಲಾಖೆಯ ದೂರಿನ ಪುಟದ ವಿಳಾಸದ ಮುಂದೆ ಬೀಗದ ಗುರುತು ಇರಲಿಲ್ಲ. ಬೀಗವಿಲ್ಲದ ಪುಟದಲ್ಲಿ ಬರೆದದ್ದು ದಾರಿಯುದ್ದಕ್ಕೂ ಬಿಚ್ಚಿಟ್ಟ ಕಾಗದದಂತೆ ಹೋಗುತ್ತದೆ, ಮಧ್ಯೆ ಕೂತವನು ಬೇಕಾದರೆ ಓದಬಹುದು. ಆ ಅಂಗಡಿಯಲ್ಲಿ ಯಾರೋ ಓದಿದ. ಓದಿ ಧಣಿಗೆ ಒಪ್ಪಿಸಿದ.

ಆಮೇಲೆ ಅಕ್ಕನ ಪಾಳಿ ಎಲ್ಲರ ಕೊನೆಗೆ ಹೋಯಿತು. ಭತ್ತದ ಸಸಿ ಮಡಿಯಲ್ಲೇ ಬಲಿಯತೊಡಗಿತು. ನಾಟಿಗೆ ಹದ ಮಾಡಲು ಗದ್ದೆಯಲ್ಲಿ ನೀರಿಲ್ಲ.

ಶಿಗ್ಗಾವಿಯಲ್ಲಿ ಡಿಪ್ಲೊಮಾ ಓದುವಾಗ ಕಲಿತು ಮರೆತದ್ದನ್ನೆಲ್ಲ ಮತ್ತೆ ತೆಗೆದು ಕೂತೆ. ಹಲ್ಲು ಕಡಿಯುತ್ತಲೇ ನೀರಿನ ದೂರು ಬರೆಯಲು ಒಂದು ಪುಟ ಕಟ್ಟಿದೆ. ಮಠದ ದಾಸೋಹದಲ್ಲಿ ಇದು ಯಾವ ಮಠ ಎಂದು ಬಂದವರಿಗೆ ಗೊತ್ತಿರುತ್ತದೆ, ಉಣ್ಣಲು ಕೂತವನನ್ನು ನೀನು ಯಾರು ಎಂದು ಯಾರೂ ಕೇಳುವುದಿಲ್ಲ. ನನ್ನ ಪುಟವೂ ಹಾಗೆಯೇ. ಅದು ತನ್ನ ಗುರುತನ್ನು ಸರ್ಟಿಫಿಕೇಟಿನಿಂದ ತೋರಿಸುತ್ತದೆ, ಬಂದವನ ಗುರುತು ಕೇಳುವುದಿಲ್ಲ. ಫೋನ್ ನಂಬರ್ ಬೇಡ, ಓಟಿಪಿ ಬೇಡ. ಬರೆದದ್ದೆಲ್ಲ ಗೂಢಲಿಪಿಯಾಗಿ ಬರುತ್ತದೆ, ಎಲ್ಲಿಂದ ಬಂತೆಂಬ ಗುರುತನ್ನು ಸರ್ವರ್ ಇಟ್ಟುಕೊಳ್ಳುವುದಿಲ್ಲ. ಬಂದದ್ದನ್ನು ನಾನು ನೀರಾವರಿ ಎಂಜಿನಿಯರರಿಗೆ ಮುಟ್ಟಿಸಬೇಕು. ಹೊಸದಾಗಿ ಬಂದಿದ್ದ ಆ ಹೆಣ್ಣುಮಗಳು ಇದಕ್ಕೆ ಒಪ್ಪಿದ್ದರು.

ಪುಟದ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಆದರೆ ನಮ್ಮ ಜನ! ಹೆಸರು ಬೇಡ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕೆಳಗೆ "ಇಂತಿ ತಮ್ಮ ವಿಧೇಯ" ಎಂದು ಹೆಸರು, ತಂದೆಯ ಹೆಸರು, ಊರು, ಕೆಲವರು ಮನೆಗೆ ಬರುವ ದಾರಿಯನ್ನೂ ಹಾಕಿದರು. ಸವಣೂರು ಕಡೆಯ ಎಲೆಬಳ್ಳಿ ತೋಟದವನೊಬ್ಬ, ನನ್ನ ಹೆಸರು ಎಲ್ಲಿಯೂ ಬರಬಾರದಾಗಿ ಪ್ರಾರ್ಥನೆ ಎಂದು ಬರೆದು ಅಡಿಯಲ್ಲಿ ಪೂರ್ತಿ ಹೆಸರು ಹಾಕಿದ್ದ. ಅವನೇ ಹಾಕಿದ್ದ ನಂಬರಿಗೆ ಫೋನ್ ಮಾಡಿ ಕೇಳಿದರೆ, "ಹೆಸರಿಲ್ಲದ ಅರ್ಜಿಗೆ ಕಿಮ್ಮತ್ತೇನ್ರಿ ಅಕ್ಕಾರ?" ಎಂದ. ಬೈದುಕೊಳ್ಳುತ್ತ ಕೂತು ಒಂದೊಂದೇ ಹೆಸರು ಅಳಿಸಿ ಮುಂದೆ ಕಳಿಸಿದೆ.

ಹೆಸರಿಲ್ಲದೆ ಬಂದದ್ದು ಒಂದೇ.

"ನಾನು ಗೊಬ್ಬರದ ಅಂಗಡಿಯಲ್ಲಿ ದುಡಿಯುವವನು. ಸಂಘದ ಸಭೆಯಲ್ಲಿ ಓದಿದ ಆ ಹೆಣ್ಣುಮಗಳ ಅರ್ಜಿಯನ್ನು ವೈಫೈ ಮೇಲೆ ಓದಿ ಧಣಿಗೆ ಕೊಟ್ಟವನು ನಾನೇ. ಕಾಲುವೆಯ ಗೇಟು ಯಾವಾಗ ತಿರುವುತ್ತಾರೆ ಎಂದು ಗೊತ್ತಾದ ಕೂಡಲೇ ಇಲ್ಲಿಯೇ ಬರೆಯುತ್ತೇನೆ."

ಇವನನ್ನೇ ಅಲ್ಲವೇ ನಾನು ಹುಡುಕುತ್ತಿದ್ದದ್ದು? ಊರೆಲ್ಲ ಹೆಸರು ಬರೆದುಕೊಟ್ಟಿತ್ತು, ಬೇಕಾದವನೊಬ್ಬನ ಹೆಸರಿಲ್ಲ. ಅದಕ್ಕೆ ದಾರಿ ಇಲ್ಲದಿರಲಿಲ್ಲ. ಸರ್ವರಿನಲ್ಲಿ ಒಂದು ಸಾಲು ಬದಲಿಸಿದರೆ, ಮುಂದಿನ ಸಲ ಅವನು ಬಂದಾಗ ಯಾವ ಸಂಪರ್ಕದಿಂದ ಬಂದ, ಯಾವ ಮೊಬೈಲಿನಿಂದ ಬಂದ ಎಂಬುದು ನನ್ನ ಕೈಗೆ ಬೀಳುತ್ತಿತ್ತು. ಆ ಸಾಲನ್ನು ತೆರೆದಿಟ್ಟುಕೊಂಡೇ ಅಕ್ಕನಿಗೆ ಫೋನ್ ಮಾಡಿದೆ.

"ಹಿಡಿದು ಏನ್ ಮಾಡ್ತಿ?" ಎಂದಳು.

"ನಿನ್ನ ಹೆಸರು ಹೆಂಗ ಓದಿಸಿದ್ನೋ ಹಂಗ ಅವನ ಹೆಸರು ನಾಕು ಮಂದ್ಯಾಗ ಓದ್ತೇನಿ."

"ಓದು. ಆಮ್ಯಾಲ ನಿನ್ನ ಪುಟಕ್ಕ ಯಾರ್ ಬರ್ತಾರ? ನನ್ನ ಸಸಿ ಬಲಿಯಾಕತ್ತಾವ. ನಿನ್ನ ಸಿಟ್ಟು ಕಾಲುವ್ಯಾಗ ಹರೀತೈತೇನು?"

ಸಾಲನ್ನು ಬದಲಿಸದೆ ಹಾಗೆಯೇ ಬಿಟ್ಟೆ. ಅಕ್ಕನ ಸಸಿಗಾಗಿ ಬಿಟ್ಟೆನೇ ಹೊರತು ಅವನ ಮೇಲಿನ ಕರುಣೆಯಿಂದಲ್ಲ.

ಅವನು ಮತ್ತೆ ಬರೆದ. ಹಿರೇಕೆರೂರು ಸಂತೆಯ ದಿನ ಊರು ಖಾಲಿಯಾದ ಮೇಲೆ ಗೇಟು ತಿರುಗುತ್ತದೆ ಎಂದು ಹೇಳಿದ. ಎಂಜಿನಿಯರರು ಮುಂಚೆಯೇ ಹೋಗಿ ಕಾಲುವೆಯ ಪಕ್ಕದ ಜಾಲಿಯ ಮರೆಯಲ್ಲಿ ನಿಂತರು. ಅಧ್ಯಕ್ಷ ತಾನೇ ಕೀಲಿ ಹಿಡಿದು ಬಂದ, ತಾನೇ ತಿರುವಿದ, ಕೀಲಿ ಕೈಯಲ್ಲಿರುವಾಗಲೇ ಸಿಕ್ಕಿಬಿದ್ದ. ಅಧ್ಯಕ್ಷಗಿರಿ ಹೋಯಿತು. ಅಕ್ಕನ ಗದ್ದೆಗೆ ನೀರು ಬಂತು, ನಾಟಿಯಾಯಿತು. ಅಂದು ನನಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಅರ್ಧ ಮಾತ್ರ ಆಯಿತು, ಅರ್ಜಿ ಓದಿ ಕೊಟ್ಟವನು ಸಿಕ್ಕಿರಲಿಲ್ಲ.

ಕೆಲವು ದಿನಕ್ಕೆ ಅಧ್ಯಕ್ಷಗಿರಿ ಕಳೆದುಕೊಂಡ ಆ ಧಣಿ ನನ್ನ ಅಂಗಡಿಗೇ ಬಂದ. ನಿಂತೇ ಇದ್ದ. ನಾನೂ ಕುಂತ್ಕೋರಿ ಎನ್ನಲಿಲ್ಲ.

"ನಿನ್ನ ಪುಟದಾಗ ನನ್ನ ಮ್ಯಾಲೆ ಯಾರ್ ಬರದಾರಂತ ಹೇಳವಾ. ಅದೆಲ್ಲಾ ನಿನ್ನ ಕಡೇನ ಇರ್ತೈತಿ."

"ನನಗೂ ಗೊತ್ತಿಲ್ರಿ. ಗೊತ್ತಾಗಬಾರದಂತನ ಹಂಗ ಮಾಡೇನಿ. ಆದ್ರ ಬರದಾಂವ ನಿಮ್ಮ ಅಂಗಡ್ಯಾಂವನ. ದಿನಾ ನಿಮ್ಮ ಚಾ ಕುಡಿದಾಂವ. ಅಷ್ಟು ಖರೇ."

ಅಷ್ಟು ಹೇಳಬೇಕಾಗಿರಲಿಲ್ಲ. ಬೇಕೆಂದೇ ಹೇಳಿದೆ. ಅವನ ಮುಖದ ಕಳೆ ಇಳಿಯುವುದನ್ನು ಕಣ್ತುಂಬ ನೋಡಿದೆ. ಇನ್ನು ಆ ಅಂಗಡಿಯಲ್ಲಿ ಒಬ್ಬರನ್ನೊಬ್ಬರು ನಂಬಬಾರದು, ಚಹಾ ಗಂಟಲಲ್ಲಿ ಇಳಿಯಬಾರದು ಎಂಬುದೇ ನನ್ನ ಆಸೆಯಾಗಿತ್ತು.

ಆದದ್ದು ಅದಕ್ಕಿಂತ ಹೆಚ್ಚು. ಅಂಗಡಿಯಲ್ಲಿದ್ದ ಮೂವರನ್ನೂ ಅವನು ಕೆಲಸದಿಂದ ಬಿಡಿಸಿದ. ಒಬ್ಬ ಮಾಡಿದ್ದಕ್ಕೆ ಮೂವರ ಅನ್ನಕ್ಕೆ ಕಲ್ಲು ಬಿತ್ತು ಎಂದು ಅಕ್ಕ ನನ್ನನ್ನೇ ಬೈದಳು. ಮೂವರಲ್ಲಿ ನಿನ್ನ ಅರ್ಜಿ ಓದಿ ಕೊಟ್ಟವನೂ ಇದ್ದಾನಲ್ಲ, ಸಾಕು ಎಂದೆ. ಈಗಲೂ ಅದನ್ನೇ ಅನ್ನುತ್ತೇನೆ.

ಕಳೆ ತೆಗೆಯುವ ಹೊತ್ತಿಗೆ ಅಕ್ಕನ ಗದ್ದೆಗೆ ಹೋಗಿದ್ದೆ. ಪಾಳಿಯ ನೀರು ಬಂದಿತ್ತು. ಸೊಂಟಕ್ಕೆ ಟವೆಲ್ ಕಟ್ಟಿದವನೊಬ್ಬ ಸಲಿಕೆಯಿಂದ ಮಡಿಯಿಂದ ಮಡಿಗೆ ನೀರು ತಿರುವುತ್ತಿದ್ದ. ಗುರುತು ಹತ್ತಿತು, ಹಿಂದೆ ಅಕ್ಕನ ಜೊತೆ ಹೋದಾಗ ನೋಡಿದ್ದ ಗೊಬ್ಬರದ ಅಂಗಡಿಯ ಮೂವರಲ್ಲಿ ಒಬ್ಬ.

"ಇವನ್ನ್ಯಾಕ ಕೆಲಸಕ್ಕ ಇಟ್ಕೊಂಡಿ?" ಎಂದು ಅಕ್ಕನ ಮೇಲೆ ಹರಿಹಾಯ್ದೆ. "ಇವನ ಆಗಿದ್ರ?"

"ಆಗಿದ್ರ, ಈ ನೀರು ತಂದು ಕೊಟ್ಟಾಂವನೂ ಇವನ ಅಲ್ಲೇನು?" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಗದ್ದೆಗಿಳಿದಳು.

ನಾನು ಬದುವಿನ ಮೇಲೆಯೇ ಕೂತೆ. ಬಿಸಿಲು ಜೋರಾಗಿತ್ತು, ಬಾಯಿ ಒಣಗಿತ್ತು. ಅವನು ಸಲಿಕೆ ಇಟ್ಟು, ಕೈ ತೊಳೆದು, ಕೊಡದಿಂದ ತಂಬಿಗೆ ತುಂಬಿ ತಂದು ನನ್ನ ಮುಂದೆ ಹಿಡಿದು, "ಕುಡೀರಿ ಅಕ್ಕಾರ" ಎಂದ. ಅವನ ಮುಖ ನೋಡಿದೆ. ಅವನೋ ಅಲ್ಲವೋ ಎಂದು ಹೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ನಾನು ಕುಡಿಯಲಿಲ್ಲ.